ಹತ್ತು ಜನರ ನಿದ್ದೆ

ಎರಡು ಸರಾಸರಿಗಳನ್ನು ಅಕ್ಕಪಕ್ಕ ಇಟ್ಟು ‘ನೋಡಿ, ಇದೇ ಮೇಲು’ ಎಂದು ಯಾರಾದರೂ ಹೇಳಿದರೆ, ಅವುಗಳ ಹಿಂದಿನ ಪಟ್ಟಿ ಎಲ್ಲಿ ಎಂದು ಕೇಳುತ್ತೇನೆ. ರುಚಿಯಿರುವುದು ಅಲ್ಲಿಯೇ. ಇಪ್ಪತ್ತೇ ಅಂಕಿಗಳ ಒಂದು ಪಟ್ಟಿಯನ್ನಂತೂ ಎಷ್ಟು ಸಲ ತಿರುವಿದರೂ ನನಗೆ ಸಾಕೆನಿಸಿಲ್ಲ.

ಅಮೆರಿಕದ ಕಲಮಜೂ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಹತ್ತು ರೋಗಿಗಳಿಗೆ ಎರಡು ಬಗೆಯ ನಿದ್ದೆಯ ಔಷಧ ಕೊಟ್ಟು, ಯಾವುದರಿಂದ ಎಷ್ಟು ಗಂಟೆ ನಿದ್ದೆ ಹೆಚ್ಚಿತೆಂದು ಬರೆದಿಟ್ಟರು. ಕುಶ್ನಿ ಮತ್ತು ಪೀಬಲ್ಸ್ ಎಂಬ ಸಂಶೋಧಕರು ಅದನ್ನು ಪ್ರಕಟಿಸಿದ್ದು 1905ರಲ್ಲಿ. ಮೊದಲ ಔಷಧದ ಸರಾಸರಿ 0.75 ಗಂಟೆ, ಎರಡನೆಯದರದು 2.33. ಇದು ಔಷಧದ ಗುಣವೋ, ಕಾಕತಾಳೀಯವೋ?

ಹತ್ತೇ ಜನರನ್ನು ನಂಬಿ ಇದಕ್ಕೆ ಉತ್ತರಿಸುವ ದಾರಿ ತೋರಿಸಿದವರು ವಿಲಿಯಂ ಗಾಸೆಟ್. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಬಾರ್ಲಿ, ಹಾಪ್ಸ್ ಪರೀಕ್ಷಿಸುತ್ತಿದ್ದ ಅವರ ಕೈಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಕೆಲವೇ ಅಳತೆಗಳು. 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಲೇಖನ ಬರೆದರು. ಲೆಕ್ಕ ಸರಿಯೇ ಎಂದು ನೋಡಲು 3000 ಕೈದಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದವನ್ನು ರಟ್ಟಿನ ಚೀಟಿಗಳಲ್ಲಿ ಬರೆದು, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದರು. ಕಂಪ್ಯೂಟರ್ ಇಲ್ಲದ ಕಾಲದ ಆ ತಾಳ್ಮೆಗೆ ನನ್ನ ನಮಸ್ಕಾರ.

ಇಂದು ಟಿ-ಪರೀಕ್ಷೆ ಎಂದು ಕರೆಯುವ ಈ ವಿಧಾನದ ತಿರುಳು ಸರಳ: ಸರಾಸರಿಗಳ ಅಂತರವನ್ನು, ಅಂಕಿಗಳ ಏರಿಳಿತದಿಂದಾಗಿ ಆ ಅಂತರದಲ್ಲಿ ಎಷ್ಟು ಅಲುಗಾಟ ಸಹಜವೋ ಅದರಿಂದ ಭಾಗಿಸುವುದು. ನಿದ್ದೆಯ ಪಟ್ಟಿಯನ್ನು ಎರಡು ಬೇರೆ ಗುಂಪುಗಳೆಂದು ತಿಳಿದು ಭಾಗಿಸಿದರೆ 1.86 ಬರುತ್ತದೆ. ಔಷಧಗಳಲ್ಲಿ ಭೇದವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ಅಂತರ ಕಾಣುವ ಸಂಭವ ಸುಮಾರು ನೂರಕ್ಕೆ 8. ರೂಢಿಯ ಗೆರೆ ನೂರಕ್ಕೆ 5. ಹಾಗಾಗಿ ‘ಸಾಬೀತಾಗಲಿಲ್ಲ’ ಎಂದು ಫೈಲು ಮುಚ್ಚುತ್ತಾರೆ.

ಆದರೆ ಇವರು ಇಪ್ಪತ್ತು ಜನರಲ್ಲ, ಎರಡೂ ಔಷಧ ತೆಗೆದುಕೊಂಡ ಅದೇ ಹತ್ತು ಜನ! ಕೆಲವರಿಗೆ ಯಾವ ಔಷಧಕ್ಕೂ ಚೆನ್ನಾಗಿ ನಿದ್ದೆ, ಕೆಲವರಿಗೆ ಯಾವುದಕ್ಕೂ ಇಲ್ಲ. ಆ ಗದ್ದಲವನ್ನು ಕಳೆಯಲು ಒಬ್ಬೊಬ್ಬರದೇ ವ್ಯತ್ಯಾಸ ತೆಗೆಯಬೇಕು. ಆಗ ಒಂಬತ್ತು ಜನರಿಗೆ ಎರಡನೆಯದೇ ಮೇಲು, ಒಬ್ಬರಿಗೆ ಎರಡೂ ಸಮ. ಟಿ 4.06ಕ್ಕೆ ಏರುತ್ತದೆ, ಸಂಭವ ಸಾವಿರಕ್ಕೆ 3ರ ಆಸುಪಾಸಿಗೆ ಇಳಿಯುತ್ತದೆ. ಗಾಸೆಟ್ ಮಾಡಿದ್ದು ಹೀಗೆಯೇ.

ಇನ್ನೊಂದು ಸ್ವಾರಸ್ಯ ಒಂಬತ್ತನೆಯ ರೋಗಿಯದು. ಅವರಿಗೆ ಮೊದಲ ಔಷಧದಿಂದ ಸೊನ್ನೆ, ಎರಡನೆಯದರಿಂದ 4.6 ಗಂಟೆ. ಎರಡನೆಯ ಔಷಧದ ಪರ ಇಷ್ಟು ಜೋರಾಗಿ ಸಾಕ್ಷಿ ನುಡಿಯುವವರು ಪಟ್ಟಿಯಲ್ಲಿ ಬೇರಿಲ್ಲ. ಬರೀ ಕುತೂಹಲಕ್ಕೆ ಅವರನ್ನು ಬಿಟ್ಟು ಲೆಕ್ಕ ಹಾಕಿದೆ. ವ್ಯತ್ಯಾಸದ ಸರಾಸರಿ 1.58ರಿಂದ 1.24ಕ್ಕೆ ಕುಸಿಯಿತು, ಟಿ ಮಾತ್ರ ಏರಿ 5.66 ಆಯಿತು. ಉಳಿದ ಒಂಬತ್ತು ಜನರ ವ್ಯತ್ಯಾಸಗಳು ಒಂದಕ್ಕೊಂದು ಅಷ್ಟು ಹತ್ತಿರವಿದ್ದವು.