ಬಾಲಾಪರಾಧದಲ್ಲಿ ವಯೋಮಿತಿಯ ವಿಚಾರ

ಬಾಲಕನ ತಪ್ಪಿಗೆ ದಂಡವೆಷ್ಟು ಎಂಬ ಪ್ರಶ್ನೆಯು ಭಾರತೀಯ ವಾಙ್ಮಯಕ್ಕೆ ಹೊಸತಲ್ಲ. ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯನು ತಾನು ಮಾಡದ ಕಳವಿಗಾಗಿ ಶೂಲಕ್ಕೇರಿದನು. ಎಳೆತನದಲ್ಲಿ ಹುಳುವನ್ನು ಹುಲ್ಲುಕಡ್ಡಿಯಿಂದ ಚುಚ್ಚಿದುದರ ಫಲವಿದೆಂದು ಧರ್ಮನು ಸಮಾಧಾನವಿತ್ತನು. ಅಲ್ಪದೋಷಕ್ಕೆ ಮಹಾದಂಡವನ್ನು ವಿಧಿಸಿದುದಕ್ಕಾಗಿ ಮುನಿಯು ಧರ್ಮನನ್ನೇ ಶಪಿಸಿ, 14 ವರ್ಷಗಳವರೆಗೆ ಪಾತಕವಿಲ್ಲವೆಂದು ಮರ್ಯಾದೆಯನ್ನು ಕಟ್ಟಿದನು. ದಂಡಧರನಿಗೂ ಪ್ರಮಾದವುಂಟೆಂಬುದೇ ಈ ಉಪಾಖ್ಯಾನದ ತಾತ್ಪರ್ಯ.

ಕಲ್ಯಾಣದ ಚಾಲುಕ್ಯ 6ನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಸ್ಮೃತ್ಯಂತರಗಳನ್ನುದಾಹರಿಸಿ ಈ ವಿಷಯವನ್ನು ಇನ್ನೂ ಸೂಕ್ಷ್ಮವಾಗಿ ವಿಭಜಿಸಿರುವನು. 5 ವರ್ಷದೊಳಗಿನ ಶಿಶುವಿಗೆ ಅಪರಾಧವೂ ಇಲ್ಲ, ರಾಜದಂಡವೂ ಇಲ್ಲ. ಅಲ್ಲಿಂದ ಮುಂದೆ 11 ತುಂಬದವನಿಗಾಗಿ ತಂದೆಯೋ ಸೋದರನೋ ಸುಹೃಜ್ಜನರೋ ಪ್ರಾಯಶ್ಚಿತ್ತವನ್ನಾಚರಿಸತಕ್ಕುದು. 16 ತುಂಬದವನಿಗೆ ಅದರಲ್ಲಿ ಅರ್ಧ. ಇದು ಬಹುಮಟ್ಟಿಗೆ ಪ್ರಾಯಶ್ಚಿತ್ತವಿಧಿಯೇ ಹೊರತು ದಂಡಸಂಹಿತೆಯಲ್ಲ. ಆದಕಾರಣ ಇಂದಿನ ಬಾಲನ್ಯಾಯವೆಲ್ಲವೂ ಪ್ರಾಚೀನರಲ್ಲಿತ್ತೆನ್ನುವುದು ಸಾಹಸದ ಮಾತು. ಬಾಲನ ದೋಷದಲ್ಲಿ ಪೋಷಕರಿಗೂ ಪಾಲುಂಟೆಂಬ ತತ್ತ್ವವಷ್ಟೇ ಗ್ರಾಹ್ಯವಾದುದು.

ಆಧುನಿಕ ಕಾಯಿದೆಗಳ ನಡೆಯು ವಕ್ರವಾಗಿದೆ. 1860ರ ದಂಡಸಂಹಿತೆಯು 7 ವರ್ಷದೊಳಗಿನವನನ್ನು ನಿರಪರಾಧಿಯೆಂದೆಣಿಸಿ, 12ರವರೆಗೆ ಬುದ್ಧಿಪರಿಪಾಕವನ್ನು ನೋಡಬೇಕೆಂದಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ. ವಿಚಾರಣೆಯ ಕ್ರಮವಾದರೋ ಬಹಳ ಬದಲಾಯಿತು. 1897ರ ಕಾಯಿದೆಯು ಸೆರೆಮನೆಗೆ ಬದಲಾಗಿ ಸುಧಾರಣಾಶಾಲೆಯನ್ನು ತೋರಿಸಿತು. 1986ರ ಬಾಲನ್ಯಾಯ ಕಾಯಿದೆಯು ಹುಡುಗರಿಗೆ 16, ಹುಡುಗಿಯರಿಗೆ 18 ಎಂದಿತು. 2000ದ ಕಾಯಿದೆಯು ಇಬ್ಬರಿಗೂ 18 ಎಂದಿತು. 2012ರ ದೆಹಲಿಯ ಘೋರಕೃತ್ಯದ ಆಪಾದಿತರಲ್ಲೊಬ್ಬನು 18 ತುಂಬದವನಾಗಿದ್ದುದರಿಂದ ಜನರ ರೋಷವು ಕಾಯಿದೆಯ ಕಡೆಗೆ ತಿರುಗಿತು. ವಯೋಮಿತಿಯನ್ನು ಇಳಿಸಲು 2013ರಲ್ಲಿ ವರ್ಮಾ ಸಮಿತಿಯು ಒಪ್ಪಲಿಲ್ಲ. ಆದರೂ 2015ರ ಕಾಯಿದೆಯು 16 ತುಂಬಿದವರನ್ನು ಘೋರಾಪರಾಧಗಳಲ್ಲಿ ಪ್ರೌಢರಂತೆ ವಿಚಾರಿಸಲು ದಾರಿಮಾಡಿತು.

ಈ ಕಾಯಿದೆಯ 15ನೆಯ ಪ್ರಕರಣವೇ ವಿಮರ್ಶಾರ್ಹವಾದುದು. ಆಪಾದಿತ ಕೃತ್ಯವನ್ನೆಸಗಲು ಬಾಲಕನಿಗೆ ಸಾಮರ್ಥ್ಯವಿತ್ತೇ, ಪರಿಣಾಮದ ಅರಿವಿತ್ತೇ, ಯಾವ ಸಂದರ್ಭದಲ್ಲಿ ಎಸಗಿದನು ಎಂಬಿವನ್ನು ಬಾಲನ್ಯಾಯ ಮಂಡಲಿಯು ಮೊದಲೇ ಪರೀಕ್ಷಿಸಬೇಕು. ಕೃತ್ಯವೇ ಸಿದ್ಧವಾಗದಿರುವಾಗ ಅದರ ಸಂದರ್ಭವನ್ನು ಕೇಳುವುದು ನೈಯಾಯಿಕರು ಸಾಧ್ಯಸಮವೆನ್ನುವ ಹೇತ್ವಾಭಾಸಕ್ಕೆ ಸಮೀಪವಾದುದು. ಇದು ವಿಚಾರಣೆಯಲ್ಲವೆಂದು ಕಾಯಿದೆಯೇ ಹೇಳುತ್ತದೆಯಲ್ಲಾ ಎಂದರೆ, ಹೆಸರು ಬೇರೆಯಾದರೂ ಫಲವು ಬಾಲಕನ ಮೇಲೆಯೇ ಬೀಳುವುದು. ಈ ಪರೀಕ್ಷೆಯು ತಜ್ಞತೆಯನ್ನಪೇಕ್ಷಿಸುವ ಸೂಕ್ಷ್ಮಕಾರ್ಯವೆಂದು ಸರ್ವೋಚ್ಚ ನ್ಯಾಯಾಲಯವೂ 2022ರಲ್ಲಿ ಎಚ್ಚರಿಸಿತು.

ನೊಂದವರ ದುಃಖಕ್ಕೆ ಬೆಲೆಯಿಲ್ಲವೇ ಎಂಬ ಪೂರ್ವಪಕ್ಷವು ಹಗುರವಾದುದಲ್ಲ. ಆದರೆ ಅದಕ್ಕೆ ಉತ್ತರವು ಅದೇ ಕಾಯಿದೆಯ 20ನೆಯ ಪ್ರಕರಣದಲ್ಲಿ ದೊರೆಯುತ್ತದೆ: ದೋಷವು ಸಿದ್ಧವಾಗಿ, ಅವಧಿ ಮುಗಿಯದೆ 21 ತುಂಬಿದವನು ತಿದ್ದಿಕೊಂಡಿರುವನೇ ಎಂದು ಮಕ್ಕಳ ನ್ಯಾಯಾಲಯವು ನೋಡತಕ್ಕುದು. ಮೊದಲನೆಯದು ಊಹೆಯನ್ನವಲಂಬಿಸಿದ ಪ್ರಶ್ನೆ, ಇದು ಕಂಡುದನ್ನವಲಂಬಿಸಿದುದು. ಮುಂದಣ ನೀತಿಯು ಆ ಪ್ರಶ್ನೆಯನ್ನು ಬಿಟ್ಟು ಈ ಪ್ರಶ್ನೆಯನ್ನು ವಿಸ್ತರಿಸಿದರೆ ಲೋಕರಕ್ಷೆಯೂ ಬಾಲರಕ್ಷೆಯೂ ಕೂಡಿ ನಡೆದಾವು. ಇಲ್ಲವಾದರೆ ಮಾಂಡವ್ಯನು ಧರ್ಮನಲ್ಲಿ ಕಂಡ ದೋಷವು ಕಾಯಿದೆಯಲ್ಲಿಯೂ ಉಳಿಯುವುದು.