ಬಾಲ್ಕನಿ ನಿಮ್ದು, ನೀರು ಯಾರ್ದು?

ಅಪಾರ್ಟ್‌ಮೆಂಟ್ ಅಸೋಸಿಯೇಶನ್ನುಗಳು ಹುಟ್ಟುಹಾಕಿದ ಮಾತುಗಳಲ್ಲಿ ಭಾರೀ ಯಶಸ್ಸು ಕಂಡದ್ದು ಇದು: "ನಿಮ್ಮ ಬಾಲ್ಕನಿ, ನಿಮ್ಮ ಖರ್ಚು." ನಾಲ್ಕೇ ಪದ, ಆದ್ರೆ ಗಾದೆಯ ಗತ್ತು. ಮೀಟಿಂಗಲ್ಲಿ ಯಾರಾದ್ರೂ ಇದನ್ನ ಹೇಳಿದ್ರೆ ಸಾಕು, ಅರ್ಧ ಜನ ತಲೆಯಾಡಿಸಿ ಮುಂದಿನ ವಿಷಯಕ್ಕೆ, ಅಂದ್ರೆ ನಾಯಿಗಳ ವಿಷಯಕ್ಕೆ, ಹೋಗಿಬಿಡ್ತಾರೆ. ನನಗೆ ಈ ವಾಕ್ಯದ ಮೇಲೆ ತಕರಾರಿದೆ. ಕಾರಣ, ಇದರ ಮೊದಲರ್ಧವೇ ಪೂರ್ತಿ ನಿಜವಲ್ಲ.

ನಮ್ಮದು ಬೆಂಗಳೂರಿನಲ್ಲಿ ಎಂಟು ವರ್ಷ ಹಳೆಯ ಕಟ್ಟಡ. ಐದನೇ ಮಹಡಿಯ ಫ್ಲ್ಯಾಟನ್ನು ನಾನು ಎರಡು ವರ್ಷದ ಹಿಂದೆ ರೀಸೇಲ್‌ನಲ್ಲಿ ತಗೊಂಡೆ. ಬಾಲ್ಕನಿಗೆ ಮರದ ಡೆಕ್ಕು. ಬಿಲ್ಡರೇ ಹಾಕಿಸಿದ್ದು, ಮೂಲ ಸೇಲ್ ಅಗ್ರಿಮೆಂಟಿನ ಪಟ್ಟಿಯಲ್ಲೇ ಇದೆ. ಈ ಜುಲೈನಲ್ಲಿ ಒಂದು ಹಲಗೆ ಕಾಲಡಿ ಮೆತ್ತಗಾಯ್ತು. ಬಡಗಿ ಬಂದು ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದ್ರೆ, ಮೇಲೆ ಪಾಲಿಶ್, ಕೆಳಗೆ ಕುಂಬು. ಉಗುರಲ್ಲಿ ಕೆರೆದ್ರೆ ಪುಡಿ ಪುಡಿ. "ಮೇಡಂ, ಇದು ಹಲಗೆ ಪ್ರಾಬ್ಲಮ್ ಅಲ್ಲ, ಕೆಳಗೆ ನೀರು ನಿಂತಿದೆ" ಅಂದರು. ಅದೇ ನೀರು ನಾಲ್ಕನೇ ಮಹಡಿಯ ಅಂಕಲ್ ಮನೆಯ ಸೀಲಿಂಗಿನಿಂದ ಬಕೆಟ್ಟಿಗೆ ಬೀಳ್ತಾ ಇದೆ. ಅಸೋಸಿಯೇಶನ್ ಪತ್ರ ಬಂತು: ಡೆಕ್ಕು, ವಾಟರ್‌ಪ್ರೂಫಿಂಗು, ಅಂಕಲ್ ಮನೆಯ ಸೀಲಿಂಗು, ಮೂರೂ ನನ್ನ ಖರ್ಚು. ಮಾಡಿಸೋವರೆಗೂ ಎನ್‌ಒಸಿ ಕೇಳಬೇಡಿ.

ಈ ಪತ್ರವನ್ನ ಒಂದು ಕೃತಿಯ ಹಾಗೆ ಓದಿದ್ರೆ ಅದರ ಮುಖ್ಯ ಪಾತ್ರ 'ಎಕ್ಸ್‌ಕ್ಲೂಸಿವ್' ಅನ್ನೋ ಪದ. ಬಾಲ್ಕನಿ ನಿಮ್ಮ ಎಕ್ಸ್‌ಕ್ಲೂಸಿವ್ ಬಳಕೆಗೆ ಇದೆ, ಹಾಗಾಗಿ ನಿಮ್ಮದು. ಬಳಕೆಯಿಂದ ಒಡೆತನಕ್ಕೆ ಒಂದೇ ನೆಗೆತ. ಆದ್ರೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯನ್ನ ತೆಗೆದು ನೋಡಿ. ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಛಾವಣಿ, ಇವೆಲ್ಲ ಅಲ್ಲಿ ಎಲ್ಲರಿಗೂ ಸೇರಿದ ಭಾಗ. ಅದರ ಜೊತೆಗೆ ಇನ್ನೊಂದು ಬಗೆಯೂ ಇದೆ: ಸೀಮಿತ ಸಾಮಾನ್ಯ ಭಾಗ. ಒಂದೋ ಎರಡೋ ಮನೆಯವರ ಬಳಕೆಗೆ ಅಂತ ಡಿಕ್ಲರೇಶನ್ನಿನಲ್ಲಿ ಗುರುತಿಸಿದ, ಆದರೂ ಸಾಮಾನ್ಯವಾಗಿಯೇ ಉಳಿಯುವ ಭಾಗ. ಅಂದ್ರೆ ಐವತ್ತು ವರ್ಷದ ಹಿಂದೆಯೇ ಕಾನೂನು ಬರೆದವರಿಗೆ ಗೊತ್ತಿತ್ತು, ಬಳಸೋದು ಬೇರೆ, ಒಡೆತನ ಬೇರೆ ಅಂತ. ಹಾಗಾಗಿ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಡೀಡ್ ಆಫ್ ಡಿಕ್ಲರೇಶನ್ನಿನಲ್ಲಿ ಬಾಲ್ಕನಿಯ ಬಗ್ಗೆ ಏನಿದೆ? ನಾನು ಕಮಿಟಿಯ ಮೂವರನ್ನ ಕೇಳಿದೆ. ಮೂವರೂ ಅದನ್ನ ಓದಿರಲಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಪ್ರತಿ ತರಿಸಿದೆ. ಬಾಲ್ಕನಿ ಸೀಮಿತ ಸಾಮಾನ್ಯ ಭಾಗದ ಪಟ್ಟಿಯಲ್ಲಿದೆ. ಖರ್ಚು ಯಾರದು ಅನ್ನೋದಕ್ಕೆ ಒಂದು ಸಾಲೂ ಇಲ್ಲ.

ಇನ್ನು ದುಡ್ಡಿನ ಲೆಕ್ಕಕ್ಕೆ ಬನ್ನಿ, ಅಲ್ಲಿ ನಗು ಬರುತ್ತೆ. ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ ಎಕ್ಸ್‌ಕ್ಲೂಸಿವ್ ಬಾಲ್ಕನಿ ಸೇರಲ್ಲ. ಆದರೆ ನಮ್ಮಲ್ಲಿ ಮೇಂಟೆನೆನ್ಸ್ ವಸೂಲಾಗೋದು ಸೂಪರ್ ಬಿಲ್ಟ್-ಅಪ್ ಚದರಡಿಯ ಮೇಲೆ. ಅದರಲ್ಲಿ ಬಾಲ್ಕನಿ ನಿಗಿನಿಗಿ ಅಂತ ಕೂತಿರುತ್ತೆ. ಪ್ರತಿ ತಿಂಗಳು ಆ ಬಾಲ್ಕನಿಗೂ ಸೇರಿಸಿ ನಾನು ಕಟ್ತೀನಿ, ಹಿಂದಿನ ಮಾಲೀಕರೂ ಕಟ್ಟಿದ್ದಾರೆ. ವಸೂಲಿಯ ದಿನ ಅದು ಎಲ್ಲರ ಕಟ್ಟಡದ ಭಾಗ, ರಿಪೇರಿಯ ದಿನ ನನ್ನ ಸ್ವಂತ ಆಸ್ತಿ!

ಎದುರು ವಾದವನ್ನ ತಳ್ಳಿಹಾಕೋ ಹಾಗಿಲ್ಲ. ಮೀಟಿಂಗಿನಲ್ಲಿ ಎರಡನೇ ಮಹಡಿಯ ಆಂಟಿಯೊಬ್ಬರು ನೇರವಾಗಿ ಕೇಳಿದ್ರು: "ನೀನು ಸಂಜೆ ಕೂತು ಕಾಫಿ ಕುಡಿಯೋ ಹಲಗೆಗೆ ನಾನ್ಯಾಕಮ್ಮ ದುಡ್ಡು ಕೊಡ್ಲಿ? ನಮ್ಮನೇಲಿ ಡೆಕ್ಕೇ ಇಲ್ಲ." ಸರಿಯಾದ ಮಾತು. ಹಲಗೆಗೆ ಕೊಡಬೇಡಿ. ಹಲಗೆ ಬಿಸಿಲಿಗೆ ಸವೆಯುತ್ತೆ, ಅದಕ್ಕೆ ಎಣ್ಣೆ ಹಚ್ಚೋದು, ಬದಲಾಯಿಸೋದು ಕೂರುವವರ ಪಾಡು. ನನ್ನ ತಕರಾರು ಹಲಗೆಯ ಕೆಳಗಿನದು.

ಹಲಗೆಯ ಕೆಳಗೆ ಏನಿರುತ್ತೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಎಲ್ಲಕ್ಕಿಂತ ಕೆಳಗೆ ಕಾಂಕ್ರೀಟ್ ಸ್ಲ್ಯಾಬು. ಅದರ ಮೇಲೆ ನೀರು ಹರಿಯೋಕೆ ಇಳಿಜಾರು ಕೊಟ್ಟ ಗಾರೆ, ವಾಟರ್‌ಪ್ರೂಫಿಂಗ್ ಪದರ, ಆಮೇಲೆ ಅಡ್ಡ ರೀಪರುಗಳು, ಕೊನೆಗೆ ಹಲಗೆ. ಮಳೆನೀರು ಹಲಗೆಗಳ ಸಂದಿಯಲ್ಲಿ ಇಳಿದು, ಇಳಿಜಾರಲ್ಲಿ ಹರಿದು ಮೂಲೆಯ ಜಾಲರಿ ಸೇರಬೇಕು. ನಮ್ಮಲ್ಲಿ ಇಳಿಜಾರು ಉಲ್ಟಾ. ಸ್ಪಿರಿಟ್ ಲೆವೆಲ್ ಇಟ್ಟು ನೋಡಿದ್ವಿ, ನೀರು ಜಾಲರಿಯಿಂದ ದೂರಕ್ಕೆ, ಗೋಡೆಯ ಕಡೆಗೆ ಹೋಗುತ್ತೆ. ರೀಪರುಗಳನ್ನೂ ಅಡ್ಡಡ್ಡ ಕೂರಿಸಿದ್ದಾರೆ, ನೀರಿಗೆ ಚಿಕ್ಕ ಚಿಕ್ಕ ಅಣೆಕಟ್ಟು ಕಟ್ಟಿದ ಹಾಗೆ. ಮರದ ತೇವಾಂಶ ಸುಮಾರು 20%ಗಿಂತ ಕೆಳಗಿದ್ದರೆ ಕುಂಬು ಹಿಡಿಸೋ ಶಿಲೀಂಧ್ರ ಬೆಳೆಯೋದು ಕಷ್ಟ. ಜೂನ್‌ನಿಂದ ನವೆಂಬರ್‌ವರೆಗೆ ಮಳೆ ಬರೋ ಊರಲ್ಲಿ, ನಿಂತ ನೀರಿನ ಮೇಲೆ, ಗಾಳಿಯಾಡದ ಸಂದಿಯಲ್ಲಿ ಮರ ಒಣಗೋದೆಲ್ಲಿಂದ? ಮಲೆನಾಡಿನ ಹಳೇ ಮನೆಗಳಲ್ಲಿ ಮರದ ಕಂಬದ ಬುಡಕ್ಕೆ ಕಲ್ಲು ಕೊಡ್ತಿದ್ದರು, ಮೇಲೆ ಉದ್ದಕ್ಕೆ ಸೂರು ಚಾಚ್ತಿದ್ದರು. ನಮ್ಮ ಡೆಕ್ಕಿನ ಡಿಸೈನರ್‌ಗೆ ಮರ ಅಂದ್ರೆ ಬ್ರೋಷರಿನ ಫೋಟೋ. ಆ ಫೋಟೋದಲ್ಲಿ ಎರಡು ಕಾಫಿ ಕಪ್ಪು, ಒಂದು ಕುಂಡ, ಸೂರ್ಯಾಸ್ತ. ಮಳೆ ಮಾತ್ರ ಇಲ್ಲ.

ಎಲ್ಲರೂ ಕೇಳಲೇಬೇಕಾದ ಭಾಗ ಇದು. ಗೋಡೆಯಿಂದ ಆಚೆ ಚಾಚಿಕೊಂಡಿರೋ ಬಾಲ್ಕನಿ ಸ್ಲ್ಯಾಬಿನಲ್ಲಿ ಎಳೆತ ಬೀಳೋದು ಮೇಲ್ಭಾಗಕ್ಕೆ. ಹಾಗಾಗಿ ಅದನ್ನ ಹಿಡಿದಿಡೋ ಮುಖ್ಯ ಕಂಬಿಗಳೂ ಮೇಲ್ಭಾಗದಲ್ಲೇ ಇರುತ್ತವೆ. ಅಂದ್ರೆ ನೀರು ನಿಲ್ಲೋ ಜಾಗದ ಕೆಳಗೇ. ಕಂಬಿಗೆ ತುಕ್ಕು ಹಿಡಿದ್ರೆ ಅದು ಉಬ್ಬುತ್ತೆ, ಉಬ್ಬಿದ್ರೆ ಕಾಂಕ್ರೀಟ್ ಸಿಡಿಯುತ್ತೆ. ಇದು ನನ್ನ ಕಾಫಿಯ ವಿಷಯ ಅಲ್ಲ. ಕೆಳಗೆ ಮಕ್ಕಳು ಸೈಕಲ್ ಹೊಡೀತಾರೆ.

ಕ್ಯಾಲಿಫೋರ್ನಿಯಾದಲ್ಲಿರೋ ನನ್ನ ಕಸಿನ್‌ಗೆ ಈ ಕಥೆ ಹೇಳಿದಾಗ ಅವನು ತನ್ನ ಕಾಂಡೋ ಸಂಘದ ಬಾಲ್ಕನಿ ತಪಾಸಣೆಯ ಪತ್ರ ಕಳಿಸಿದ. 2015ರ ಜೂನ್‌ನಲ್ಲಿ ಬರ್ಕ್‌ಲಿಯ ಒಂದು ಅಪಾರ್ಟ್‌ಮೆಂಟಿನ ಬಾಲ್ಕನಿ ಕುಸಿದು ಆರು ವಿದ್ಯಾರ್ಥಿಗಳು ಸತ್ತರು. ಬಾಲ್ಕನಿಯನ್ನ ಹೊತ್ತಿದ್ದ ಮರದ ತೊಲೆಗಳು ಒಳಗೊಳಗೇ ಕುಂಬಾಗಿದ್ದವು. ಆಮೇಲೆ ಬಂದ ಕಾನೂನುಗಳಲ್ಲಿ ಒಂದರ ಪ್ರಕಾರ ಕಾಂಡೋ ಸಂಘಗಳು ಮರದ ಆಧಾರವಿರೋ ಎತ್ತರದ ಬಾಲ್ಕನಿಗಳನ್ನ ಒಂಬತ್ತು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಖರ್ಚಿನ ಬಗ್ಗೆಯೂ ಅಲ್ಲಿನ ಕಾನೂನು ಸ್ಪಷ್ಟ: ಸಂಘದ ಕರಾರಿನಲ್ಲಿ ಬೇರೆ ಥರ ಬರೆಯದಿದ್ದರೆ, ದಿನದಿನದ ನಿಗಾ ಮನೆಯವರದು, ರಿಪೇರಿ ಮತ್ತು ಬದಲಾವಣೆ ಸಂಘದ್ದು. ಅಲ್ಲಿ ಮರವೇ ಆಧಾರ, ನಮ್ಮಲ್ಲಿ ಮರ ಬರೀ ಹೊದಿಕೆ. ಹಾಗಾಗಿ ಅಲ್ಲಿಯ ಲೆಕ್ಕವನ್ನ ಎತ್ತಿ ತಂದು ನಮ್ಮ ಆಂಟಿಯ ಮುಂದೆ ಇಡೋಕೆ ನನಗೆ ಮನಸ್ಸಿಲ್ಲ. ಆದ್ರೆ ನಿಗಾ ಬೇರೆ, ರಿಪೇರಿ ಬೇರೆ ಅನ್ನೋ ಗೆರೆಯನ್ನ ಸಾಲ ತರಬಹುದು.

ಆ ಗೆರೆಯನ್ನ ನಾನು ಎಲ್ಲಿ ಎಳೀತೀನಿ ಅಂದ್ರೆ, ವಾಟರ್‌ಪ್ರೂಫಿಂಗ್ ಪದರದ ಮೇಲೆ. ಅದರ ಮೇಲಿನದೆಲ್ಲ ನನ್ನದು. ಆ ಪದರ, ಗಾರೆ, ಸ್ಲ್ಯಾಬು, ಅಂಕಲ್ ಮನೆಯ ಸೀಲಿಂಗು ಎಲ್ಲರದು. ಇದಕ್ಕೆ ಒಂದು ವಿನಾಯಿತಿ ಬೇಕು. ಯೂಟ್ಯೂಬ್ ನೋಡಿ ಟೈಲ್ಸ್ ಮೇಲೆ ಡ್ರಿಲ್ ಹೊಡೆದು ಸ್ವಂತ ಡೆಕ್ಕು ಹಾಕಿಸಿಕೊಂಡವರು ಆ ಪದರಕ್ಕೆ ತೂತು ಮಾಡಿರ್ತಾರೆ. ಅವರು ಕೆಳಗಿನದಕ್ಕೂ ತಾವೇ ಕೊಡಬೇಕು, ಸೀಲಿಂಗ್ ಪೇಂಟ್ ಸಮೇತ. ಬಾಡಿಗೆಗೆ ಇರೋರು ಇದ್ಯಾವುದಕ್ಕೂ ಕೊಡಬೇಕಾಗಿಲ್ಲ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಳ್ಳೋ ಊರಲ್ಲಿ ಈಗ ಡೆಕ್ಕಿಂಗ್ ಅಂತಲೂ ಮುರ್ಕೊಳ್ಳೋಕೆ ಶುರು ಮಾಡಿದ್ದಾರೆ. ಹಲಗೆಯ ಮೇಲೆ ಬಾರ್ಬೆಕ್ಯೂ ಮಾಡಿ ಸುಟ್ಟಿದ್ದರೆ ಬೇರೆ ಮಾತು.

ಅಸಲಿಗೆ ಈ ಖರ್ಚು ನನ್ನದೂ ಅಲ್ಲ, ಆಂಟಿಯದೂ ಅಲ್ಲ, ಬಿಲ್ಡರದಾಗಬೇಕಿತ್ತು. ರೇರಾ ಕಾಯ್ದೆಯ 14ನೇ ಸೆಕ್ಷನ್ನಿನ ಪ್ರಕಾರ, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ಬಿಲ್ಡರಿನ ಗಮನಕ್ಕೆ ತಂದರೆ, ಅವರು 30 ದಿನದೊಳಗೆ ಪುಕ್ಕಟೆಯಾಗಿ ಸರಿಮಾಡಿಕೊಡಬೇಕು. ಉಲ್ಟಾ ಇಳಿಜಾರಿಗಿಂತ ಒಳ್ಳೆಯ ಉದಾಹರಣೆ ಬೇಕೇ? ಅಂಕಲ್ ನಾಲ್ಕನೇ ವರ್ಷವೇ ಸೀಲಿಂಗಿನ ಕಲೆಯ ಫೋಟೋ ತೆಗೆದು ಕಮಿಟಿಗೆ ಮೇಲ್ ಮಾಡಿದ್ದರು. ನನಗೆ ತೋರಿಸಿದರು, ಉತ್ತರ ಒಂದೇ ಸಾಲು: ಮೇಲಿನ ಮನೆಯವರ ಹತ್ತಿರ ಮಾತಾಡಿಕೊಳ್ಳಿ. ಬಿಲ್ಡರಿಗೆ ಒಂದು ಪತ್ರವೂ ಹೋಗಲಿಲ್ಲ. ಐದು ವರ್ಷ ಮುಗಿದೇ ಹೋಯ್ತು. "ನಿಮ್ಮ ಬಾಲ್ಕನಿ, ನಿಮ್ಮ ಖರ್ಚು" ಅನ್ನೋ ವಾಕ್ಯದ ಮೇಲೆ ನನಗಿರೋ ನಿಜವಾದ ಸಿಟ್ಟು ಇದು. ಅದು ಖರ್ಚನ್ನ ತಪ್ಪು ಜನರಿಗೆ ಹಂಚೋದಷ್ಟೇ ಅಲ್ಲ, ಸರಿಯಾದವರನ್ನ ಕೇಳೋ ಹೊತ್ತನ್ನೇ ಕಳೆದುಬಿಡುತ್ತೆ. ಎರಡು ಮನೆಗಳ ನಡುವಿನ ಜಗಳ ಅಂತ ಫೈಲ್ ಮುಚ್ಚಿದ್ರೆ ಬಿಲ್ಡರಿಗಿಂತ ಖುಷಿ ಯಾರಿಗಿದೆ? ನೀವು ಹೊಸ ಕಟ್ಟಡದಲ್ಲಿದ್ದರೆ ಇವತ್ತೇ ಒಂದು ಬಕೆಟ್ ನೀರು ಬಾಲ್ಕನಿಗೆ ಸುರಿದು ಎತ್ತ ಹೋಗುತ್ತೆ ನೋಡಿ. ಹೋಗಬಾರದ ಕಡೆ ಹೋದರೆ ಮೇಲ್ ಮಾಡಿ, ಕಮಿಟಿಗಲ್ಲ, ಬಿಲ್ಡರಿಗೆ, ಕಮಿಟಿಗೆ ಸಿಸಿ.

ಅಂಕಲ್‌ಗೆ ಇದ್ಯಾವುದೂ ಬೇಡ. "ನೋಡಮ್ಮ, ನೀನು ಕೊಡ್ತೀಯೋ ಅವ್ರು ಕೊಡ್ತಾರೋ, ನಂಗೆ ಲಾ ಪಾಯಿಂಟ್ ಬೇಡ. ದಿನಾ ರಾತ್ರಿ ಬಕೆಟ್ ಎತ್ತಕ್ಕೆ ನನ್ ಸೊಂಟ ಕೇಳಲ್ಲ" ಅಂದರು. ಅದಕ್ಕೇ ಹಣದ ಜಗಳ ಮುಗಿಯೋವರೆಗೆ ಕೆಲಸ ನಿಲ್ಲಿಸೋದು ಬೇಡ ಅಂತ ಜನರಲ್ ಬಾಡಿಗೆ ಬರೆದಿದ್ದೀನಿ: ಸಿಂಕಿಂಗ್ ಫಂಡಿನಿಂದ ವಾಟರ್‌ಪ್ರೂಫಿಂಗ್ ಶುರು ಮಾಡಿ, ಪಾಲು ಆಮೇಲೆ ತೀರ್ಮಾನ ಮಾಡೋಣ, ಬೈಲಾದಲ್ಲಿ ಆ ಗೆರೆಯನ್ನ ಬರೆದಿಡೋಣ. ಹಲಗೆಗಳನ್ನ ನನ್ನ ಖರ್ಚಲ್ಲೇ ಪೂರ್ತಿ ಎತ್ತಿಸಿದ್ದೀನಿ. ಜಾಲರಿಯ ಬಾಯಿಂದ ಒಂದು ಮೊರದಷ್ಟು ಕೊಳೆತ ಎಲೆ, ಎರಡು ಬಟ್ಟೆ ಕ್ಲಿಪ್ಪು, ಯಾವುದೋ ಮಗುವಿನ ಆಟದ ಕಾರು ಸಿಕ್ಕವು. ಸ್ಲ್ಯಾಬು ಒಣಗದೆ ಮೆಂಬ್ರೇನ್ ಹಾಕೋ ಹಾಗಿಲ್ವಂತೆ. ಈಗ ಬಿಸಿಲಿಗೆ ಕಾಯ್ತಾ ಇದ್ದೀವಿ, ಮೇಲೆ ನಾನು, ಕೆಳಗೆ ಅಂಕಲ್.