ಅರ್ಜಿಯಲ್ಲಿ ಕಾಣದ ಮನುಷ್ಯರು

ಕತೆ ಬರೆಯುವ ನಾವು ಅನುದಾನದ ಅರ್ಜಿಗಳನ್ನೂ ಗದ್ಯವೆಂದೇ ಓದುತ್ತೇವೆ. ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆಂದು 2013ರ ಕಾಯ್ದೆ ಹೇಳಿದ ಮೇಲೆ ಈ ಗದ್ಯ ಹುಲುಸಾಗಿದೆ. ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲವೆಂದು 2020ರಲ್ಲಿ ತಿದ್ದುಪಡಿ ಬಂದಾಗ, ಆ ಹಣವನ್ನೇ ನಂಬಿದ್ದ ಸಣ್ಣ ಸಂಸ್ಥೆಗಳು ಬೇರೆ ಬಾಗಿಲು ತಟ್ಟಬೇಕಾಯಿತು.

ಈ ಅರ್ಜಿಗಳಲ್ಲಿ ‘ಫಲಾನುಭವಿಗಳು’ ಇದ್ದಾರೆ, ಬೀಡಿ ಕಟ್ಟುವ ತಾಯಿ ಇಲ್ಲ. ಯಶಸ್ಸಿದೆ, ಸೋಲಿಲ್ಲ. ಆದರೆ ದಾನಿಯ ನಂಬಿಕೆ ಬೆಳೆಯುವುದು ಸಕಾಲದ ಲೆಕ್ಕದಿಂದ, ಎಡವಿದ್ದನ್ನು ಒಪ್ಪಿ ಬರೆದ ಒಂದು ಪುಟದಿಂದ.

ದಾನಿಗಳದೂ ತಪ್ಪಿದೆ. ಅದೇ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕಿಳಿಸಿತು, ಕಾನೂನಿನ ಒತ್ತಾಯವಿಲ್ಲದ ದಾನಿಗಳೂ ಗುಮಾಸ್ತನ ಸಂಬಳವೆಂದರೆ ಮುಖ ಸಿಂಡರಿಸುತ್ತಾರೆ. ಜಕಾತಿನ ಎಂಟು ಬಾಬುಗಳಲ್ಲಿ ಅದನ್ನು ಸಂಗ್ರಹಿಸುವವರ ಪಾಲೂ ಒಂದೆಂಬುದನ್ನು ನಾವಾದರೂ ಮರೆಯದಿರೋಣ.